ಒಂದು ಸಂಸಾರಕ್ಕೆ ಒಂದೇ ಇಳಿಜಾರು

ಭೋಜರಾಜನ ಹೊಸ ಕಾರು ಮನೆಯೊಳಗೆ ಹಿಡಿಸುವುದಿಲ್ಲ ಎಂಬ ಸಂಗತಿ, ಕಾರು ಬಂದ ದಿನವೇ ಗಲ್ಫಿನ ಅಲ್ ಹೈಲ್‌ನ ಆ ಬೀದಿಯಲ್ಲಿ ಭೋಜರಾಜನೊಬ್ಬನನ್ನು ಬಿಟ್ಟು ಮಿಕ್ಕೆಲ್ಲರಿಗೂ ತಿಳಿದುಹೋಗಿತ್ತು.

ಹೊಸದು ಎಂದರೆ ಭೋಜರಾಜನಿಗೆ ಹೊಸದು. ಕೆಲಸ ಮುಗಿಸಿ ಇಂಗ್ಲೆಂಡಿಗೆ ಹಿಂದಿರುಗುತ್ತಿದ್ದ ಎಂಜಿನಿಯರನೊಬ್ಬ ಮಾರಿಹೋದ ಅಮೆರಿಕದ ಗಾಡಿ ಅದು. ಬಾನೆಟ್ಟಿನ ಮೇಲೆ ನಾಲ್ಕು ಜನ ಕೂತು ಊಟ ಮಾಡಬಹುದು, ಉಂಡವರು ಡಿಕ್ಕಿಯಲ್ಲಿ ಮಲಗಬಹುದು. ಬೀದಿಯವರು ಅದಕ್ಕೆ ಹಡಗು ಎಂದು ಹೆಸರಿಟ್ಟರು. ರೂವಿಯ ಟೈಲ್ಸ್ ಕಂಪನಿಯೊಂದರಲ್ಲಿ ಸ್ಟೋರ್ ಸೂಪರ್‌ವೈಸರಾದ ನಿಮಗೆ ಇದೆಲ್ಲ ಯಾಕೆ ಬೇಕಿತ್ತು ಎಂದು ಕೇಳಿದವರಿಗೆ ಅವನು, "ಏಸಿ ಒಳ್ಳೆದುಂಟು ಮಾರಾಯ್ರೆ" ಎಂದು ಬಾಯಿ ಮುಚ್ಚಿಸುತ್ತಿದ್ದ. ಅಸಲು ಕಾರಣ ಅವನು ಹೇಳುವವನಲ್ಲ, ನಾವೇ ಹೇಳಿಬಿಡೋಣ. ಅವನ ಅಪ್ಪ ಕಾಪುವಿನಲ್ಲಿ ಮರ ಹತ್ತಿ ಕಳ್ಳು ಇಳಿಸುತ್ತಿದ್ದವನು. ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಊರಿನ ದೊಡ್ಡವರ ಪಕ್ಕದಲ್ಲಿ ಕೂರಲು ಹೆದರಿ, ಬಾಗಿಲ ಬಳಿ ಸರಳು ಹಿಡಿದು ನಿಂತೇ ಉಡುಪಿಗೆ ಹೋಗಿಬಂದವನು. ಅಂಥವನ ಮಗನಿಗೆ ಆರು ಸೀಟಿನ ಕಾರು ಕಂಡು ಮನಸ್ಸು ಜಾರಿದರೆ ಅದಕ್ಕೆ ಏಸಿಯನ್ನು ದೂರಿ ಫಲವಿಲ್ಲ.

ಕಾರಿನ ಉದ್ದದ್ದೇ ತಾಪತ್ರಯ. ಆ ಮನೆ ಒಂದೇ ಆದರೂ ಒಡೆಯ ಖಲ್ಫಾನ್ ಅದನ್ನು ನಡುವೆ ಪ್ಲೈವುಡ್ ಹೊಡೆದು ಎರಡು ಮಾಡಿದ್ದ. ಎಡಗಡೆ ಮೈಸೂರಿನ ಶ್ರೀನಿವಾಸಮೂರ್ತಿ, ಬಲಗಡೆ ಭೋಜರಾಜ. ಅಂಗಳದ ನಡುವೆ ಎದೆಯೆತ್ತರದ ಗೋಡೆಯೊಂದಿತ್ತು. ಅದು ಮಾತ್ರ ಖಲ್ಫಾನನ ಐಡಿಯಾ ಅಲ್ಲ. ಭೋಜರಾಜನ ಸಂಸಾರ ಬಂದ ಮೊದಲ ವಾರ ಅವನ ಹೆಂಡತಿ ವಾರಿಜಾಕ್ಷಿ ಅಂಗಳದ ನಲ್ಲಿಯ ಕೆಳಗೆ ಬಂಗುಡೆ ಮೀನು ತೊಳೆದಳು. ಎರಡನೇ ವಾರ ಮೂರ್ತಿಗಳ ಕೋರಿಕೆಯ ಮೇರೆಗೆ ಗೋಡೆ ಎದ್ದಿತು. ಗೇಟು ಭೋಜರಾಜನ ಪಾಲಿಗೆ ಬಿತ್ತು, ತುಳಸಿ ಮೂರ್ತಿಗಳ ಪಾಲಿಗೆ. ಗೇಟಿನೊಳಗಿನ ಓಣಿಯಂಥ ಜಾಗದಲ್ಲಿ ಎರಡು ಸಣ್ಣ ಕಾರುಗಳು ಒಂದರ ಹಿಂದೊಂದು ನಿಲ್ಲುತ್ತಿದ್ದವು. ಈಗ ಹಡಗು ಒಳಗೆ ಬಂದರೆ ಮೂರ್ತಿಗಳ ಸಣ್ಣ ಕಾರು ಬೀದಿಗೆ, ಮೂರ್ತಿಗಳದು ಒಳಗಿದ್ದರೆ ಹಡಗು ಬೀದಿಗೆ. ಬೀದಿಯೋ ಕಿರಿದು. ಸಿಹಿನೀರಿನ ಟ್ಯಾಂಕರಿನವನು ದಾರಿ ಸಿಗದೆ ಬೆಳಗಿನ ಜಾವ ಹಾರ್ನ್ ಒತ್ತಿ ಹಿಡಿಯುತ್ತಿದ್ದ. ನೆರೆಯವರು ಖಲ್ಫಾನನಿಗೆ ದೂರು ಕೊಟ್ಟರು.

ಖಲ್ಫಾನ್ ನಿಜ್ವಾದ ತನ್ನ ಖರ್ಜೂರದ ತೋಟದಿಂದ ಬಂದ, ಕಾರು ನೋಡಿದ, ಗೇಟು ನೋಡಿದ, ಒಂದೇ ಮಾತು ಹೇಳಿದ. "ರಂಜಾನಿನೊಳಗೆ ಎರಡೂ ಕಾರು ಒಳಗಿರಬೇಕು. ಒಂದು ಕಾರು ಹೊರಗಿದ್ದರೆ ಒಂದು ಸಂಸಾರ ಹೊರಗೆ. ಯಾವುದು ಅಂತ ನೀವೇ ಮಾತಾಡಿಕೊಳ್ಳಿ. ಖಲಾಸ್."

ಯಾವುದು ಎಂಬುದರಲ್ಲಿ ಮಾತಾಡುವಂಥದ್ದು ಏನೂ ಇರಲಿಲ್ಲ. ಆ ಬಾಡಿಗೆಗೆ, ಮಕ್ಕಳ ಶಾಲೆಯ ಬಸ್ಸು ಬಾಗಿಲಿಗೆ ಬರುವ ಇನ್ನೊಂದು ಮನೆ ಸೀಬಿನಿಂದ ರೂವಿಯವರೆಗೆ ಸಿಗುವಂತಿರಲಿಲ್ಲ. ಮೂರ್ತಿಗಳು ಹಳೆ ಬಾಡಿಗೆದಾರರು. ಹೊರಗೆ ಬೀಳುವವನು ತಾನೇ ಎಂದು ಭೋಜರಾಜನಿಗೆ ಗೊತ್ತಿತ್ತು.

"ಆ ಕಾರು ಮಾರಿ, ಮುಗೀತು" ಎಂದಳು ವಾರಿಜಾಕ್ಷಿ.

"ಅದನ್ನು ತೆಕ್ಕೊಳ್ಳುವ ಮರ್ಲ ನಾನೊಬ್ಬನೇ ಇದ್ದದ್ದು" ಎಂದು ಭೋಜರಾಜ ಮೊದಲ ಬಾರಿಗೆ ನಿಜ ಹೇಳಿದ.

ದಾರಿ ತೋರಿಸಿದವರು ಮೂರ್ತಿಗಳೇ. ಕನ್ಸಲ್ಟೆಂಟ್ ಆಫೀಸಿನಲ್ಲಿ ಎಂಜಿನಿಯರಾದ ಅವರು ಗೋಡೆಯ ಮೇಲೆ ಹಾಳೆ ಹರಡಿ ನಕ್ಷೆ ಬರೆದರು. ಗೇಟಿನ ಮುಂದೆ ಫುಟ್‌ಪಾತಿನ ಅಂಚುಕಲ್ಲನ್ನು ಒಂದು ಕಾರಿನಷ್ಟು ತಗ್ಗಿಸಿ ಇಳಿಜಾರು ಮಾಡಿದ್ದರಲ್ಲ, ಅದನ್ನು ಎಡಕ್ಕೆ ಇನ್ನೊಂದು ಕಾರಿನಷ್ಟು ಅಗಲ ಮಾಡುವುದು. ಕಾಂಪೌಂಡು ಒಡೆದು ಇನ್ನೊಂದು ಗೇಟಿಡುವುದು. ಅವರ ಕಾರು ನೇರ ಅವರ ಪಾಲಿಗೆ, ಹಡಗು ಭೋಜರಾಜನ ಪಾಲಿಗೆ. "ಬಲದಿಯಾ ಪರ್ಮಿಷನ್ ಬೇಕು ಕಣ್ರೀ. ಡ್ರಾಯಿಂಗ್ ನನ್ನದು, ಓಡಾಟ ನಿಮ್ಮದು. ಯಾಕೇಂದ್ರೆ ಹಡಗು ನಿಮ್ಮದು" ಎಂದು ನ್ಯಾಯವಾಗಿ ಹಂಚಿದರು. ಬಲದಿಯಾ ಎಂದರೆ ಅಲ್ಲಿನ ಪುರಸಭೆ.

ಬಲದಿಯಾದ ಪಕ್ಕದಲ್ಲಿ ಅರಬ್ಬಿ ಅರ್ಜಿ ಟೈಪು ಮಾಡುವ ಅಂಗಡಿ ಉಳ್ಳಾಲದ ಉಸ್ಮಾನನದು. ಬಲದಿಯಾದ ಬಾಗಿಲು ದಾಟಿದವನಲ್ಲದಿದ್ದರೂ ಅದರ ಪಕ್ಕದಲ್ಲೇ ಕೂತಿದ್ದ ಕಾರಣ, ಒಳಗಿನ ಕಾನೂನೆಲ್ಲ ಗೋಡೆಯಿಂದ ತನಗೆ ಜಿನುಗಿ ಬರುತ್ತದೆ ಎಂಬ ನಂಬಿಕೆ ಅವನಿಗೂ ಇತ್ತು, ಅವನ ಗಿರಾಕಿಗಳಿಗೂ ಇತ್ತು.

"ಅರ್ಜಿ ಅರ್ಧ ಗಂಟೆಯ ಕೆಲಸ ಭೋಜಣ್ಣ" ಎಂದ ಉಸ್ಮಾನ್. "ಆದರೆ ಇನ್ಸ್‌ಪೆಕ್ಟರ್ ಮನೆ ನೋಡ್ಲಿಕ್ಕೆ ಬರ್ತಾನೆ. ನಿಮ್ಮಲ್ಲಿ ಎಷ್ಟು ಸಂಸಾರ ಉಂಟು?"

"ಎರಡು."

ಉಸ್ಮಾನ್ ಟೈಪು ಮಾಡುವುದನ್ನು ನಿಲ್ಲಿಸಿದ. ಬಾಗಿಲ ಕಡೆ ನೋಡಿದ. "ಮೆಲ್ಲ ಹೇಳಿ ಮಾರಾಯ್ರೆ. ಒಂದು ಮನೆಯಲ್ಲಿ ಎರಡು ಸಂಸಾರ ಸಿಕ್ಕಿದರೆ ಇಬ್ಬರನ್ನೂ ಎಬ್ಬಿಸ್ತಾರೆ. ಮೊನ್ನೆ ಅಲ್ ಮವಾಲೇಹ್‌ನಲ್ಲಿ ಎಬ್ಬಿಸಿದ್ದಾರೆ. ಚಾಪೆ ಸಮೇತ."

"ಇನ್ನೆಂತ ಮಾಡುವುದು?"

"ಅಣ್ಣ ತಮ್ಮ ಅಂತ ಹೇಳಿ. ಒಂದೇ ಸಂಸಾರ ಆಯ್ತಲ್ಲ. ಯಾರು ನೋಡ್ತಾರೆ?"

ಹೀಗೆ ಕಾಪುವಿನ ಮೂರ್ತೆದಾರನ ಮಗ ಮೈಸೂರಿನ ಅಗ್ರಹಾರದ ಸಂಸ್ಕೃತ ಮೇಷ್ಟ್ರ ಮಗನಿಗೆ ತಮ್ಮನಾಗಬೇಕಾಯಿತು. ಇದಕ್ಕೆ ಊರಿನಲ್ಲಾಗಿದ್ದರೆ ಎಷ್ಟು ತಲೆಮಾರು ಬೇಕಾಗುತ್ತಿತ್ತೋ. ಬಲದಿಯಾದ ಭಯ ಒಂದು ಸಂಜೆಯಲ್ಲಿ ಮಾಡಿಸಿತು.

ಆ ಸಂಜೆ ಪ್ಲೈವುಡ್ಡಿನ ಮೊಳೆ ಕಿತ್ತು ಎರಡು ಮನೆಗಳ ನಡುವಿನ ದಾರಿ ತೆರೆದರು. ಮೂರ್ತಿಗಳ ಹೆಂಡತಿ ಕಾಂತಾಮಣಿ ಇಷ್ಟು ವರ್ಷಗಳಲ್ಲಿ ಮೊದಲ ಸಲ ಈಚೆ ಮನೆಯೊಳಗೆ ಕಾಲಿಟ್ಟು, ವಾರಿಜಾಕ್ಷಿಯ ಅಡುಗೆಮನೆಯನ್ನು ಮೂಲೆಮೂಲೆಯಾಗಿ ನೋಡಿ, "ಪರವಾಗಿಲ್ಲ ಕಣ್ರೀ, ಚೊಕ್ಕಟವಾಗೇ ಇಟ್ಕೊಂಡಿದೀರ" ಎಂದಳು.

"ಹೌದಾ? ನೀವು ಎಂತ ಎಣಿಸಿದ್ದು?" ಎಂದು ವಾರಿಜಾಕ್ಷಿ ನಗುತ್ತಲೇ ಕೇಳಿದಳು. ಕಾಂತಾಮಣಿಗೆ ತಕ್ಷಣ ಒಲೆಯ ಮೇಲೆ ಹಾಲಿಟ್ಟದ್ದು ನೆನಪಾಯಿತು.

ಮೂರ್ತಿಗಳು ತಾಲೀಮು ನಡೆಸಿದರು. "ನಾನು ದೊಡ್ಡವನು. ನೀವು ನನ್ನ ಅಣ್ಣಾ ಅನ್ಬೇಕು. ನಾನು ಏಕವಚನದಲ್ಲಿ ಕರೀತೀನಿ, ಬೇಜಾರು ಮಾಡ್ಕೋಬೇಡಿ."

"ಅಡ್ಡಿಯಿಲ್ಲ ಮೂರ್ತಿಗಳೆ."

"ಅಣ್ಣಾ ಅನ್ರೀ."

"ಅಡ್ಡಿಯಿಲ್ಲ ಅಣ್ಣಾ. ಆದರೆ ನೀವೂ ರೀ ಬಿಡಬೇಕಲ್ಲ?"

"ಹೌದಲ್ಲ. ಸರಿ ಕಣೋ ಭೋಜರಾಜ್ ಅವರೇ" ಎಂದರು ಮೂರ್ತಿಗಳು, ಬೆವರೊರೆಸಿಕೊಳ್ಳುತ್ತ.

ಎರಡೂ ಮನೆಯ ಮಕ್ಕಳನ್ನು ಆ ದಿನಕ್ಕೆ ಟ್ಯೂಷನ್ನಿಗೆ ಅಟ್ಟುವುದೆಂದು ತೀರ್ಮಾನವಾಯಿತು. ಮಕ್ಕಳು ನಿಜ ಹೇಳುತ್ತವೆ, ಅದೂ ಇಂಗ್ಲಿಷಿನಲ್ಲಿ. ವಿಸಿಟ್ ವೀಸಾದಲ್ಲಿ ಬಂದಿದ್ದ ಮೂರ್ತಿಗಳ ತಾಯಿ ರತ್ನಪ್ರಭಮ್ಮನವರಿಗೆ ಮಾತ್ರ ಏನೂ ಹೇಳಲಿಲ್ಲ. ಅವರು ಹೇಗೂ ದಿನವಿಡೀ ತುಳಸಿಯ ಬಳಿ ಕುರ್ಚಿ ಹಾಕಿಕೊಂಡು ಗೋಡೆ ನೋಡುತ್ತ ಕೂರುವವರು. ಅವರಿಂದೇನು ತೊಂದರೆ ಎಂದು ಇಬ್ಬರು ಹೊಸ ಸಹೋದರರೂ ಒಮ್ಮತದಿಂದ ಭಾವಿಸಿದರು.

ಇನ್ಸ್‌ಪೆಕ್ಟರ್ ನಾಸ್ಸರ್ ಬುಧವಾರ ಮಧ್ಯಾಹ್ನ ಬಂದ. ಗರಿಗರಿಯಾದ ಬಿಳಿ ದಿಶ್‌ದಾಶಾ ನಿಲುವಂಗಿ, ಕಸೂತಿ ಟೋಪಿ, ಕೈಯಲ್ಲಿ ಟೇಪು. ಚಿಕ್ಕಂದಿನಲ್ಲಿ ಅಪ್ಪನ ಖರ್ಜೂರದ ವ್ಯಾಪಾರದ ಜೊತೆ ಮುಂಬಯಿಯಲ್ಲಿ ಬೆಳೆದವನಾದ್ದರಿಂದ ಅವನ ಹಿಂದಿ ಮೂರ್ತಿಗಳ ಹಿಂದಿಗಿಂತ ಎಷ್ಟೋ ಚೆನ್ನಾಗಿತ್ತು. ಅಂಚುಕಲ್ಲು ಅಳೆದ, ಕಾಂಪೌಂಡು ಅಳೆದ. ಅಂಗಳಕ್ಕೆ ಬಂದು ನಡುವಿನ ಗೋಡೆಯನ್ನು ಟೇಪಿನ ಪೆಟ್ಟಿಗೆಯಿಂದ ತಟ್ಟಿ, "ಇದು ಯಾಕೆ?" ಎಂದ.

ತಾಲೀಮಿನಲ್ಲಿ ಈ ಪ್ರಶ್ನೆ ಇರಲಿಲ್ಲ. ಮೂರ್ತಿಗಳು ಆಕಾಶ ನೋಡಿದರು.

"ಮೇಕೆ" ಎಂದ ಭೋಜರಾಜ. "ಬೀದಿಯ ಮೇಕೆಗಳು ಬಂದು ಅಮ್ಮನ ಗಿಡ ತಿಂತಾವೆ."

ನಾಸ್ಸರ್ ತಲೆದೂಗಿದ. ಅಲ್ ಹೈಲ್‌ನ ಮೇಕೆಗಳ ಬಗ್ಗೆ ಅವನಿಗೆ ಬಲದಿಯಾದ ಅನುಭವವಿತ್ತು. ಆಮೇಲೆ ಇಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿ ನೋಡಿದ. ಮೂರ್ತಿಗಳು ಬೆಳ್ಳಗೆ, ತೆಳ್ಳಗೆ, ಇಸ್ತ್ರಿ ಮಾಡಿ ಮಡಿಚಿಟ್ಟ ಪಂಚೆಯ ಹಾಗಿದ್ದರು. ಭೋಜರಾಜ ಕಪ್ಪಗೆ, ಗುಂಡಗೆ, ಎರಡೂ ಕೈ ಕಟ್ಟಿಕೊಂಡು ನಿಂತಿದ್ದ.

"ಇಬ್ಬರೂ ಒಂದೇ ತಾಯಿಯ ಮಕ್ಕಳಾ?"

ಹೌದು ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಗಾಬರಿಯಾದಾಗ ಭೋಜರಾಜ ಕೇಳಿದ್ದಕ್ಕಿಂತ ಹೆಚ್ಚು ಕೊಡುವವನು. ಸ್ಟೋರಿನಲ್ಲೂ ಅವನ ಮೇಲೆ ಅದೇ ಆರೋಪವಿತ್ತು. "ಅಪ್ಪ ಒಬ್ಬರೇ ಸಾಹೇಬ್ರೆ, ತಾಯಿ ಬೇರೆ. ಅಪ್ಪನಿಗೆ ಎರಡು ಮದುವೆ. ಒಂದು ಮೈಸೂರಿನಲ್ಲಿ, ಒಂದು ಮಂಗಳೂರು ಕಡೆ" ಎಂದುಬಿಟ್ಟ.

"ಮಾಶಾಲ್ಲಾ" ಎಂದು ನಾಸ್ಸರ್ ಮನಸಾರೆ ಹೇಳಿದ. "ನನ್ನ ಅಜ್ಜನೂ ಹಾಗೇ."

ತುಳಸಿಯ ಬಳಿ ಕುರ್ಚಿ ಕಿರ್ರೆಂದಿತು. ರತ್ನಪ್ರಭಮ್ಮನವರಿಗೆ ಹಿಂದಿ ಬಾರದು. ಆದರೆ 'ದೋ ಶಾದಿ' ಎನ್ನುವುದು ಯಾವ ಹೆಂಗಸಿಗೂ ಅನುವಾದ ಬೇಡದ ಮಾತು. ಮೂವತ್ತು ವರ್ಷ ಶಾಲೆಯಲ್ಲಿ ರಾಮಾಯಣ ಹೇಳಿ, ಅದರಲ್ಲೂ ಏಕಪತ್ನೀವ್ರತದ ಭಾಗಕ್ಕೆ ಹೆಸರಾಗಿ ತೀರಿಕೊಂಡ ಮೇಷ್ಟ್ರಿಗೆ ಅಲ್ ಹೈಲ್‌ನ ಅಂಗಳದಲ್ಲಿ ಎರಡನೇ ಮದುವೆಯಾಯಿತು. ಮೂರ್ತಿಗಳ ಬಾಯಿ ತೆರೆದೇ ಇತ್ತು. ನಿರಾಕರಿಸಿದರೆ ಮನೆ ಹೋಗುತ್ತದೆ, ಒಪ್ಪಿದರೆ ಅಪ್ಪ ಹೋಗುತ್ತಾನೆ. ಅವರು ಬಾಯಿ ಮುಚ್ಚಿದರು.

ಊಟದ ಹೊತ್ತಾಗಿತ್ತು. ಬಂದವರನ್ನು ಹಾಗೇ ಕಳಿಸಬಾರದೆಂದು ಕಾಂತಾಮಣಿ ಬಿಸಿಬೇಳೆಬಾತು ಮಾಡಿ ಸ್ಟೀಲಿನ ತಟ್ಟೆಗಳನ್ನು ಜೋಡಿಸಿದ್ದಳು. ನಾಸ್ಸರ್ ಚಾಪೆಯ ಮೇಲೆ ಕಾಲು ಮಡಿಚಿ ಕೂತು ಆ ತಟ್ಟೆಗಳನ್ನು ನೋಡಿ ನಕ್ಕ. "ಅಣ್ಣ ತಮ್ಮಂದಿರಿಗೆ ಇಷ್ಟು ತಟ್ಟೆ ಯಾಕೆ? ಒಂದು ದೊಡ್ಡದು ತನ್ನಿ."

ವಾರಿಜಾಕ್ಷಿಗೆ ಈ ಮಾತು ಎಷ್ಟು ರುಚಿಸಿತೆಂದರೆ, ತನ್ನ ಮನೆಯ ಅತಿದೊಡ್ಡ ಹರಿವಾಣವನ್ನೇ ತಂದಿಟ್ಟಳು. ಅದರಲ್ಲಿ ಹಿಂದಿನ ಭಾನುವಾರ ಏನನ್ನು ಹರಡಿ ಮಸಾಲೆ ಹಚ್ಚಿದ್ದಳೆಂದು ಅವಳು ಯಾರಿಗೂ ಹೇಳಲಿಲ್ಲ, ಯಾರೂ ಕೇಳುವ ಧೈರ್ಯ ಮಾಡಲಿಲ್ಲ. ಬಿಸಿಬೇಳೆಬಾತು ಗುಡ್ಡವಾಯಿತು. ನಾಸ್ಸರ್ ಒಂದು ಕಡೆಯಿಂದ ಕೈ ಹಾಕಿದ, ಭೋಜರಾಜ ಇನ್ನೊಂದು ಕಡೆಯಿಂದ. ಮೂರ್ತಿಗಳ ಕೈ, ಸೀಬ್ ಏರ್‌ಪೋರ್ಟಿನಲ್ಲಿ ಇಳಿಯಲು ಅನುಮತಿ ಸಿಗದ ವಿಮಾನದಂತೆ ಗುಡ್ಡದ ಮೇಲೆ ಸುತ್ತು ಹೊಡೆಯಿತು.

"ತಿನ್ನಿ ಅಣ್ಣಾ, ತಣಿತದೆ" ಎಂದ ಭೋಜರಾಜ, ಪ್ರೀತಿಯಿಂದ.

ವಿಮಾನ ಇಳಿಯಿತು. ಉಂಡು ಕೈ ತೊಳೆದ ನಾಸ್ಸರ್, ಇಷ್ಟು ಒಗ್ಗಟ್ಟಿನ ಸಂಸಾರವನ್ನು ತಾನು ಬಹಳ ದಿನಗಳ ಮೇಲೆ ನೋಡಿದೆನೆಂದು ಹೇಳಿ ಹೋದ.

ಅವನ ಜೀಪು ತಿರುವು ದಾಟುವ ಮೊದಲೇ ರತ್ನಪ್ರಭಮ್ಮನವರು ಭೋಜರಾಜನನ್ನು ಗೋಡೆಯ ಬಳಿಗೆ ಕರೆದರು. "ನಿಮ್ಮಮ್ಮನ ಹೆಸರೇನಪ್ಪ?"

"ವಿನೋದಾ ಅಂತ. ಆದರೆ ಅಮ್ಮಾ, ನಾನು ಸುಮ್ಮನೆ ಹೇಳಿದ್ದು..."

"ಏಪ್ರಿಲ್ ತಿಂಗಳಲ್ಲಿ ಪೇಪರ್ ತಿದ್ದೋಕೆ ಅಂತ ಮಂಗಳೂರಿಗೆ ಹೋಗ್ತಿದ್ರು ಅವರು. ಪ್ರತಿ ವರ್ಷ. ಒಂದು ವಾರ ಅಂದವರು ಮೂರು ವಾರ ಬಿಟ್ಟು ಬರೋರು. ನೀನು ಹುಟ್ಟಿದ್ದು ಯಾವ ತಿಂಗಳು?"

ಭೋಜರಾಜನ ದುರದೃಷ್ಟ, ಅವನು ಹುಟ್ಟಿದ್ದು ಜನವರಿಯಲ್ಲಿ. ರತ್ನಪ್ರಭಮ್ಮ ಬೆರಳು ಮಡಿಚಿ ಲೆಕ್ಕ ಹಾಕಿ, ಕಿವಿಯನ್ನು ಒಮ್ಮೆ ತಿರುಗಿಸಿ ತೋರಿಸೆಂದರು. ತೋರಿಸಿದ. "ಅದೇ ಕಿವಿ" ಎಂದು ನಿಟ್ಟುಸಿರುಬಿಟ್ಟು ಒಳಗೆ ಹೋದರು.

"ಅಮ್ಮಾ, ಅದೆಲ್ಲ ಬಲದಿಯಾಗೋಸ್ಕರ ಹೇಳಿದ್ದು" ಎಂದು ಮೂರ್ತಿಗಳು ಬೇಡಿಕೊಂಡರು.

"ನಿಮ್ಮಪ್ಪನ ಮಾನ ಕಾಪಾಡ್ತಿದೀಯ, ಕಾಪಾಡು. ನಾನೇನೂ ಅನ್ನಲ್ಲ. ಆ ಮಗುವಿನದೇನು ತಪ್ಪು?" ಎಂದರು ತಾಯಿ. ಆ ರಾತ್ರಿಯಿಂದಲೇ ಗೋಡೆಯ ಮೇಲೆ ಭೋಜರಾಜನಿಗೆಂದು ತಿಳಿಸಾರಿನ ಪಾತ್ರೆ ಬರತೊಡಗಿತು. ನಲವತ್ತು ದಾಟಿದ, ಬೊಜ್ಜು ಬಂದ ಮಗು ಅದನ್ನು ಕಣ್ಣು ತಗ್ಗಿಸಿ ತೆಗೆದುಕೊಳ್ಳುತ್ತಿತ್ತು. ಸಾರು ಚೆನ್ನಾಗಿತ್ತೆಂಬುದನ್ನು ಇಲ್ಲಿ ಮುಚ್ಚಿಡುವ ಅಗತ್ಯವಿಲ್ಲ.

ಸುದ್ದಿಗೆ ಗೋಡೆಯಿಲ್ಲ. ರೂವಿಯ ಕನ್ನಡದವರೊಬ್ಬರು ಮೂರ್ತಿಗಳಿಗೆ ಫೋನು ಮಾಡಿ, "ತಮ್ಮ ಸಿಕ್ಕಿದರಂತೆ, ಸಂತೋಷ. ಆದರೆ ಮೇಷ್ಟ್ರು ಹೀಗೆ ಅಂತ ನಾವು ಅಂದ್ಕೊಂಡಿರಲಿಲ್ಲ ಕಣ್ರೀ" ಎಂದು ಹತ್ತು ನಿಮಿಷ ಸಂತಾಪ ಸೂಚಿಸಿದರು. ಇತ್ತ ನಿಜ್ವಾದಿಂದ ಭೋಜರಾಜನ ಸೋದರಮಾವ ದೂಮಪ್ಪನ ಫೋನು ಬಂತು. ಆಸ್ಪತ್ರೆಯ ಆಂಬುಲೆನ್ಸ್ ಡ್ರೈವರನಾದ ದೂಮಪ್ಪ ಮಾತೂ ಅದೇ ವೇಗದಲ್ಲಿ ಆಡುವವನು. ತುಳುವರಲ್ಲಿ ಮನೆತನ ತಾಯಿಯ ಕಡೆಯದು. ಅಪ್ಪ ಸುಮ್ಮನಿದ್ದರೂ ಮಾವ ಸುಮ್ಮನಿರುವಂತಿಲ್ಲ.

"ಬೋಜಾ, ನನ್ನ ಅಕ್ಕನಿಗೆ ನೀನು ಯಾವಾಗ ಮೈಸೂರಿನ ಸಂಬಂಧ ಮಾಡಿಸಿದ್ದು?"

"ಮಾಮ, ಅದು ಕರ್ಬ್‌ಸ್ಟೋನಿನ ವಿಷಯ..."

"ನಿನ್ನ ಅಪ್ಪ ಸಾಯುವ ದಿನದವರೆಗೆ ಮರ ಹತ್ತಿ ನಿನ್ನನ್ನು ಸಾಕಿದ. ಅವನನ್ನು ಬಿಟ್ಟು ನಿನಗೆ ಬೇರೆ ಅಪ್ಪ ಬೇಕಾಯ್ತಾ? ಅದೂ ಒಂದು ಕಲ್ಲು ತಗ್ಗಿಸ್ಲಿಕ್ಕೆ?"

ಭೋಜರಾಜ ಫೋನು ಇಟ್ಟ. ಆ ಮಾತು ಮಾತ್ರ ಅವನಿಗೆ ಎಲ್ಲೋ ತಾಗಿತು. ಹೊರಗೆ ಹೋಗಿ ಹಡಗನ್ನು ಒರೆಸತೊಡಗಿದ. ಅದು ಬೆಳಿಗ್ಗೆಯಷ್ಟೇ ಒರೆಸಿದ ಕಾರು.

ಆದರೂ ಮನೆ ಉಳಿಯುತ್ತದಲ್ಲ ಎಂಬ ಸಮಾಧಾನದಿಂದ ಇಬ್ಬರೂ ಮುಂದಿನ ವಾರ ಬಲದಿಯಾಗೆ ಹೋದರು. ನಾಸ್ಸರ್ ಎದ್ದು ಕೈಕುಲುಕಿ, ಕಾವಾ ಎಂಬ ಅರಬ್ಬಿ ಕಾಫಿ ತರಿಸಿ, ಬಹಳ ವಿಷಾದದಿಂದ ಹೇಳಿದ. "ಆಗುವುದಿಲ್ಲ."

"ಯಾಕೆ?"

"ಒಂದು ಸಂಸಾರಕ್ಕೆ ಒಂದೇ ಇಳಿಜಾರು. ಅದು ನಿಯಮ. ಎರಡು ಸಂಸಾರ ಇದ್ದಿದ್ದರೆ ಈಗಲೇ ಅಗಲ ಮಾಡಿಕೊಡುತ್ತಿದ್ದೆ."

ಭೋಜರಾಜ ಕಾವಾದ ಬಟ್ಟಲು ಕೆಳಗಿಟ್ಟ. "ಎರಡು ಸಂಸಾರ ಇದ್ದರೆ ಎಬ್ಬಿಸುವುದಿಲ್ಲವಾ?"

"ಸಂಸಾರಸ್ಥರನ್ನು ಯಾಕೆ ಎಬ್ಬಿಸಬೇಕು? ಎಬ್ಬಿಸುವುದು ಬ್ಯಾಚಲರುಗಳನ್ನು. ಒಂದು ಕೋಣೆಯಲ್ಲಿ ಇಪ್ಪತ್ತು ಜನ ಕೂಲಿಯವರು ಮಲಗುತ್ತಾರಲ್ಲ, ಅವರನ್ನು. ಮೊನ್ನೆ ಅಲ್ ಮವಾಲೇಹ್‌ನಲ್ಲಿ ಎಬ್ಬಿಸಿದೆವು."

ಆ ಇಪ್ಪತ್ತು ಜನ ಚಾಪೆ ಸುತ್ತಿಕೊಂಡು ಎಲ್ಲಿಗೆ ಹೋದರು ಎಂದು ಆ ಕೋಣೆಯಲ್ಲಿ ಯಾರೂ ಕೇಳಲಿಲ್ಲ. ನಮ್ಮ ಇಬ್ಬರು ಸಂಸಾರಸ್ಥರ ತಲೆಯಲ್ಲಿದ್ದದ್ದು ಬೇರೆ. "ಸಾಹೇಬ್ರೆ, ನಿಜ ಹೇಳ್ತೇನೆ. ನಾವು ಅಣ್ಣ ತಮ್ಮ ಅಲ್ಲ" ಎಂದ ಭೋಜರಾಜ.

ನಾಸ್ಸರ್ ಗಟ್ಟಿಯಾಗಿ ನಕ್ಕ. "ವಾರಕ್ಕೊಬ್ಬರು ಬಂದು ಇವನು ನನ್ನ ತಮ್ಮನಲ್ಲ ಅನ್ನುತ್ತಾರೆ. ಎರಡನೇ ಹೆಂಡತಿಯ ಮಗ ಅಂದರೆ ಎಲ್ಲರ ಮನೆಯಲ್ಲೂ ಇದೇ ಕಥೆ. ಆದರೆ ತಮ್ಮನೇ ಬಂದು ಹೇಳಿದ್ದು ಇದೇ ಮೊದಲು. ಅಣ್ಣ ಹೆದರಿಸಿದನಾ?"

"ಇಲ್ಲ ಸರ್" ಎಂದರು ಮೂರ್ತಿಗಳು. "ಪಾಸ್‌ಪೋರ್ಟ್ ನೋಡಿ. ಅಪ್ಪನ ಹೆಸರಿರತ್ತೆ."

"ತೋರಿಸಿ."

ತೋರಿಸಲು ಇರಲಿಲ್ಲ. ಇಬ್ಬರ ಪಾಸ್‌ಪೋರ್ಟೂ ಅವರವರ ಕಂಪನಿಯ ಬೀರುವಿನಲ್ಲಿತ್ತು. ಊರಿಗೆ ಹೊರಟಾಗ ಹೊರಗೆ ಬರುತ್ತಿತ್ತು, ಹಿಂದಿರುಗಿದ ಕೂಡಲೇ ಒಳಗೆ ಹೋಗುತ್ತಿತ್ತು. ಎರಡು ಪದವಿಯ ಮೂರ್ತಿಗಳ ಅಪ್ಪನಿಗೂ ಕಳ್ಳಿನ ಮರದ ಅಪ್ಪನಿಗೂ ಕಫೀಲನ, ಅಂದರೆ ಕೆಲಸ ಕೊಟ್ಟ ಧಣಿಯ, ಬೀರುವಿನಲ್ಲಿ ಮಾತ್ರ ಒಂದೇ ಥರದ ಬೀಗ. ಕೆಲಸದ ಕಾರ್ಡು ಕೊಟ್ಟರು. ನಾಸ್ಸರ್ ತಿರುಗಿಸಿ ನೋಡಿದ. "ಇದರಲ್ಲಿ ಅಪ್ಪನೂ ಇಲ್ಲ, ಕುಲವೂ ಇಲ್ಲ. ನಾನು ಹೇಗೆ ನಂಬಲಿ? ಇನ್ನೊಂದು ಸಲ ಮನೆಗೆ ಬರುತ್ತೇನೆ. ಎರಡು ಸಂಸಾರ ಅಂತ ತೋರಿಸಿ, ಅಗಲ ಮಾಡಿಕೊಡುತ್ತೇನೆ."

ಈಗ ಎಲ್ಲ ತಿರುಗಾಮುರುಗಾ. ಕಿತ್ತ ಪ್ಲೈವುಡ್ಡಿಗೆ ಮತ್ತೆ ಮೊಳೆ ಹೊಡೆದರು. ಆಚೆ ಕಡೆ ಊದುಬತ್ತಿ, ಈಚೆ ಕಡೆ ಅಂಜಲ್ ಮೀನಿನ ಫ್ರೈ. ವಾರಿಜಾಕ್ಷಿ ಬೇಕೆಂದೇ ಕಿಟಕಿ ತೆರೆದಿಟ್ಟಳು. ರತ್ನಪ್ರಭಮ್ಮನವರನ್ನು ಒಳಕೋಣೆಯಲ್ಲಿ ಕೂರಿಸಿ ಕ್ಯಾಸೆಟ್ಟಿನಲ್ಲಿ ಹರಿಕಥೆ ಹಾಕಿಕೊಟ್ಟರು.

ನಾಸ್ಸರ್ ಗೋಡೆಯ ಬಳಿ ನಿಂತು, "ತೋರಿಸಿ" ಎಂದ.

ಮೂರ್ತಿಗಳು ಗಂಟಲು ಸರಿಮಾಡಿಕೊಂಡರು. "ಸರ್, ನಾವು ಇವರ ಮನೇಲಿ ಊಟ ಮಾಡಲ್ಲ. ನೀರೂ ಕುಡಿಯಲ್ಲ. ಆವತ್ತು ಮಾಡಿದ್ದು ನಾಟಕ."

"ಯಾಕೆ? ಜಗಳವಾ?"

"ಜಗಳ ಇಲ್ಲ ಸರ್. ಒಳ್ಳೆ ಜನ."

"ಇವರ ನೀರು ಚೆನ್ನಾಗಿಲ್ಲವಾ?"

"ಇಬ್ಬರಿಗೂ ಒಂದೇ ಟ್ಯಾಂಕು."

"ಮತ್ತೆ?"

ಮೂರ್ತಿಗಳು ಸೇತುವೆಯ ಲೆಕ್ಕವನ್ನು ಬಾಯಲ್ಲೇ ಮಾಡಬಲ್ಲವರು. ಇಂಗ್ಲಿಷ್, ಹಿಂದಿ, ಕನ್ನಡ ಮೂರರಲ್ಲೂ ಹುಡುಕಿದರು. ಊರಿನಲ್ಲಿ ಯಾರೂ ಕೇಳದಿದ್ದ ಪ್ರಶ್ನೆಯಾದ್ದರಿಂದ ಯಾರೂ ಉತ್ತರ ಕಲಿಸಿರಲಿಲ್ಲ. "ಅದು... ಪದ್ಧತಿ ಸರ್" ಎಂದರು.

"ಮತ್ತೆ ಈ ಗೋಡೆ? ಮೇಕೆಗೆ ಅಂದಿರಲ್ಲ?"

"ಮೇಕೆಗಲ್ಲ ಸಾಹೇಬ್ರೆ" ಎಂದ ಭೋಜರಾಜ.

"ಮತ್ತೆ ಯಾರಿಗೆ?"

"ನನಗೆ."

ಯಾವ ಸಿಟ್ಟೂ ಇಲ್ಲದೆ, ಸ್ಟೋರಿನಲ್ಲಿ ಯಾವ ಟೈಲ್ಸು ಯಾರಿಗೆ ಎಂದು ಹೇಳುವ ಹಾಗೆ ಅವನು ಹೇಳಿದ. ಮೂರ್ತಿಗಳು ತುಳಸಿಯ ಒಂದು ಎಲೆಯನ್ನು ಬಹಳ ಗಮನವಿಟ್ಟು ನೋಡಿದರು. ವಾರಿಜಾಕ್ಷಿಯ ಕಿಟಕಿಯಲ್ಲಿ ಸಟ್ಟುಗದ ಸದ್ದು ನಿಂತಿತು.

ಅಷ್ಟರಲ್ಲಿ ಕ್ಯಾಸೆಟ್ಟಿನ ಒಂದು ಮಗ್ಗುಲು ಮುಗಿದಿತ್ತು. ರತ್ನಪ್ರಭಮ್ಮ ಹೊರಗೆ ಬಂದರು. ಅಧಿಕಾರಿಯ ಎದುರು ತಲೆತಗ್ಗಿಸಿ ನಿಂತ ಭೋಜರಾಜ, ಮುಖ ತಿರುಗಿಸಿದ ಮಗ. ಅವರಿಗೆ ಎಲ್ಲ ಅರ್ಥವಾಯಿತು. ಅಂದರೆ ಎಲ್ಲವೂ ತಪ್ಪಾಗಿ ಅರ್ಥವಾಯಿತು.

"ಶೀನ, ತಮ್ಮನನ್ನ ಮನೆ ಬಿಡಿಸ್ತಿದೀಯೇನೋ? ಸರ್ಕಾರದವರನ್ನ ಕರೆಸಿ?"

"ಅಮ್ಮಾ, ನೀನು ಒಳಗೆ ಹೋಗು."

"ಹೋಗಲ್ಲ. ನಿಮ್ಮಪ್ಪ ಆ ಹೆಂಗಸಿಗೆ ಮಾಡಿದ್ದೇ ಸಾಕು. ನೀನು ಈ ಹುಡುಗನಿಗೆ ಮಾಡಬೇಡ." ಆಮೇಲೆ ನಾಸ್ಸರ್ ಕಡೆ ತಿರುಗಿ, ಗೋಡೆಯ ಈಚೆಗೊಂದು ಆಚೆಗೊಂದು ಬೆರಳು ತೋರಿಸಿ, ತಮಗೆ ಬರುತ್ತಿದ್ದ ಎರಡೇ ಹಿಂದಿ ಮಾತು ಹೇಳಿದರು. "ದೋನೋ ಬೇಟಾ."

ನಾಸ್ಸರ್ ಎದೆಯ ಮೇಲೆ ಕೈಯಿಟ್ಟು ಅವರಿಗೆ ತಲೆಬಾಗಿದ. ಜೇಬಿನಿಂದ ಪೆನ್ನು ತೆಗೆದ. ಬಲದಿಯಾದಲ್ಲಿ ತಾಯಿಯ ಮಾತಿಗಿಂತ ದೊಡ್ಡ ಸಾಕ್ಷಿ ಇಲ್ಲವೆಂದು ಹೇಳಿ, ಅಲ್ಲೇ ಗೋಡೆಯ ಮೇಲೆ ಕಾಗದವಿಟ್ಟು ತೀರ್ಪು ಬರೆದ. ಸಂಸಾರ ಒಂದು. ಇಳಿಜಾರು ಅಗಲ ಮಾಡಲು ಅನುಮತಿ ಇಲ್ಲ. ಅಂಗಳದ ಗೋಡೆಯನ್ನು ಬಲದಿಯಾಗೆ ಕೇಳದೆ ಕಟ್ಟಿದ್ದು, ಒಂದೇ ಸಂಸಾರಕ್ಕೆ ಅದರ ಅಗತ್ಯವೂ ಕಾಣುವುದಿಲ್ಲ, ವಾರದೊಳಗೆ ತೆಗೆಯತಕ್ಕದ್ದು.

ಖಲ್ಫಾನ್ ಕಳಿಸಿದ ಇಬ್ಬರು ಕೆಲಸದವರು ಶುಕ್ರವಾರ ನಮಾಜಿಗೆ ಮುಂಚೆ ಗೋಡೆ ಉರುಳಿಸಿ, ಇಟ್ಟಿಗೆಯ ಚೂರುಗಳನ್ನು ಪಿಕಪ್ಪಿಗೆ ತುಂಬಿಕೊಂಡು ಹೋದರು. ಬೀದಿಯವರೆಲ್ಲ ನೋಡಲು ನಿಂತಿದ್ದರು. ಭೋಜರಾಜ ಹಡಗನ್ನು ಹಳೆಯ ಇಳಿಜಾರಿನಿಂದಲೇ ಹತ್ತಿಸಿ, ಹಳೆಯ ಗೇಟಿನಿಂದಲೇ ಒಳಗೆ ತಂದು, ಬಲಕ್ಕೆ ಒತ್ತಿ ನಿಲ್ಲಿಸಿದ. ಮೂರ್ತಿಗಳು ಹಿಂದೆಯೇ ಬಂದು ಎಡಕ್ಕೆ ತಿರುಗಿಸಿ ತುಳಸಿಯ ಪಕ್ಕ ನಿಲ್ಲಿಸಿದರು. ಎರಡರ ನಡುವೆ ಇನ್ನೂ ಒಂದು ಕಾರು ನಿಲ್ಲುವಷ್ಟು ಜಾಗ ಉಳಿದಿತ್ತು. ಮೂರ್ತಿಗಳು ಕಾರಿನಿಂದಿಳಿದು, ತಾವು ಬರೆದ ನಕ್ಷೆಯನ್ನು ಬಿಡಿಸಿ ನೋಡಿ, ಮಡಿಚಿ ಜೇಬಿಗಿಟ್ಟುಕೊಂಡರು. ಖಲ್ಫಾನ್ ಬಂದು ಎರಡೂ ಕಾರು ಒಳಗಿರುವುದನ್ನು ಕಂಡು, ಯಾರನ್ನೂ ಹೊರಗೆ ಹಾಕದೆ ನಿಜ್ವಾಗೆ ಹಿಂದಿರುಗಿದ.

ಮರುದಿನ ಬೆಳಿಗ್ಗೆ ಕಾಂತಾಮಣಿ ಗೋಡೆ ಇದ್ದ ಜಾಗದಲ್ಲಿ ಗೇಟಿನಿಂದ ಮನೆಯವರೆಗೂ ರಂಗೋಲಿ ಪುಡಿಯಿಂದ ನೆಟ್ಟಗೆ ಒಂದು ಬಿಳಿ ಗೆರೆ ಎಳೆದಳು. ಏನೂ ಬೇರೆ ಅರ್ಥವಿಲ್ಲ, ಸುಮ್ಮನೆ ಅಂದಕ್ಕೆ ಎಂದಳು. ಏಳು ಗಂಟೆಗೆ ಭೋಜರಾಜ ಹಡಗನ್ನು ಹಿಂದಕ್ಕೆ ತೆಗೆದ. ಅಷ್ಟು ಉದ್ದದ ಗಾಡಿ ತಿರುಗಬೇಕಾದರೆ ಗೆರೆ ದಾಟದೆ ಗತಿಯಿಲ್ಲ. ಟೈರು ಅರ್ಧ ಗೆರೆಯನ್ನು ಎತ್ತಿಕೊಂಡು ಹೋಯಿತು.

"ನಿಮ್ಮ ಕಾರು ಗೆರೆ ದಾಟ್ತಲ್ರೀ" ಎಂದರು ಮೂರ್ತಿಗಳು, ಕಾಫಿ ಲೋಟ ಹಿಡಿದು.

ಭೋಜರಾಜ ಕಿಟಕಿಯ ಗಾಜು ಇಳಿಸಿದ. "ಗೆರೆ ಸ್ವಲ್ಪ ಆಚೆ ಸರಿಸ್ಲಿಕ್ಕೆ ಬಲದಿಯಾಗೆ ಅರ್ಜಿ ಕೊಡುವ ಅಣ್ಣಾ?"

ಮೂರ್ತಿಗಳು ಬಾಯಲ್ಲಿದ್ದ ಕಾಫಿ ನುಂಗಿ, ಮನೆಯ ಕಡೆ ತಿರುಗಿ ಹೆಂಡತಿಯನ್ನು ಕೂಗಿದರು. "ಲೇ ಕಾಂತಾ, ಬೇಗ ಬಾ, ಪೊರಕೆ ತಗೊಂಡು ಬಾ."